‘ಪ್ಯಾಂಕ್ರಿಯಾಸ್ ನಾರ್ಮಲ್’ ಎಂದು ಬರೆಯುವ ಮುನ್ನ

ಈ ವರ್ಷ ಪಶುವೈದ್ಯ ಪದವಿ ಮುಗಿಸಿ ಹೊರಬರುತ್ತಿರುವ ಗೆಳೆಯರಿಗೆ, ಗೆಳತಿಯರಿಗೆ,

ನೀವು ಹೆಬ್ಬಾಳದಲ್ಲಿ ಓದಿದಿರೋ, ಬೀದರಿನಲ್ಲೋ, ಶಿವಮೊಗ್ಗ ಹಾಸನಗಳಲ್ಲೋ, ಎಲ್ಲಿಯಾದರೂ ಸರಿ, ಅಂತೂ ಐದೂವರೆ ವರ್ಷ ಮುಗಿಯಿತು. ಕೆಲವರು ಸರ್ಕಾರಿ ಕೆಲಸಕ್ಕೆ ಕಾಯುತ್ತೀರಿ, ಕೆಲವರು ಎಂ.ವಿ.ಎಸ್ಸಿ.ಗೆ ಹೋಗುತ್ತೀರಿ. ಮಿಕ್ಕವರು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಯ ಯಾವುದಾದರೂ ನಾಯಿ-ಬೆಕ್ಕಿನ ಕ್ಲಿನಿಕ್ಕಿಗೆ ಸೇರುತ್ತೀರಿ. ಸೇರಿದ ತಿಂಗಳೊಳಗೆ ನಿಮ್ಮ ಕೈಗೆ ಸ್ಕ್ಯಾನಿಂಗ್ ಪ್ರೋಬ್ ಕೊಡುತ್ತಾರೆ. ಜೊತೆಗೆ ಕಂಪ್ಯೂಟರಿನಲ್ಲಿ ರಿಪೋರ್ಟ್ ಬರೆಯಲು ಒಂದು ಟೆಂಪ್ಲೇಟು. ಈ ಪತ್ರ ಬರೆಯುತ್ತಿರುವುದು ಆ ಟೆಂಪ್ಲೇಟಿನ ಒಂದೇ ಒಂದು ಸಾಲಿನ ಬಗ್ಗೆ.

ಸಾಲು ಹೀಗಿರುತ್ತದೆ: ‘ಪ್ಯಾಂಕ್ರಿಯಾಸ್: ಗಾತ್ರ, ಎಕೋಜೆನಿಸಿಟಿ ನಾರ್ಮಲ್.’ ನೀವು ನಾಯಿಯ ಹೆಸರು ತುಂಬುವ ಮೊದಲೇ ಅದು ಅಲ್ಲಿ ಟೈಪಾಗಿ ಕೂತಿರುತ್ತದೆ. ನೀವಾಗಿ ಅಳಿಸಿದರಷ್ಟೇ ಹೋಗುತ್ತದೆ. ನಾನು ಒಂದು ಸಲ ಅಳಿಸಲಿಲ್ಲ.

ಯುಗಾದಿ ಕಳೆದು ಮೂರನೇ ದಿನ. ಅಂದರೆ ಹೊಸತೊಡಕಿನ ಮರುದಿನ. ರಾತ್ರಿ ಒಂಬತ್ತೂವರೆಗೆ, ಷಟರ್ ಅರ್ಧ ಎಳೆದಿದ್ದೆವು, ಒಂಬತ್ತು ವರ್ಷದ ಕಾಕರ್ ಸ್ಪ್ಯಾನಿಯಲ್ ಹೆಣ್ಣುನಾಯಿಯನ್ನು ಟವಲಿನಲ್ಲಿ ಸುತ್ತಿಕೊಂಡು ಬಂದರು. ಚಿನ್ನಿ ಅಂತ ಹೆಸರು. ಬೆಳಗಿನಿಂದ ಏಳೆಂಟು ಸಲ ವಾಂತಿಯಾಗಿತ್ತು. ನೀರು ಕುಡಿದರೂ ಹೊರಗೆ. ಟೇಬಲ್ ಮೇಲೆ ನಿಲ್ಲಿಸಿದರೆ ಮುಂಗಾಲು ಚಾಚಿ, ಎದೆ ಊರಿ, ಹಿಂಭಾಗ ಮಾತ್ರ ಮೇಲೆತ್ತಿಕೊಂಡು ನಿಂತಿತು. ದೇವರಿಗೆ ಅಡ್ಡಬಿದ್ದಂತೆ. ಆ ಭಂಗಿಯನ್ನು ನೀವು ಪುಸ್ತಕದಲ್ಲಿ ಓದಿದ್ದೀರಿ, ನಾನೂ ಓದಿದ್ದೆ. ಹೊಟ್ಟೆಯ ಮೇಲ್ಭಾಗದಲ್ಲಿ ನೋವಿದೆ ಎಂದು ನಾಯಿ ಅದಕ್ಕಿಂತ ಸ್ಪಷ್ಟವಾಗಿ ಹೇಳಲಾರದು.

ಎಕ್ಸ್‌ರೇ ತೆಗೆದೆ. ಕರುಳಿನಲ್ಲಿ ಅಲ್ಲೊಂದು ಇಲ್ಲೊಂದು ಮೂಳೆ ಚೂರು. ಸ್ಕ್ಯಾನ್‌ಗೆ ಮಲಗಿಸಿದೆ. ಕಾಕರ್‌ನ ಹೊಟ್ಟೆಯ ಕೂದಲು ನಿಮಗೆ ಗೊತ್ತಲ್ಲ, ಬೋಳಿಸದೆ ಏನೂ ಕಾಣುವುದಿಲ್ಲ. ‘ಶೇವ್ ಮಾಡ್ಲೇಬೇಕಾ ಡಾಕ್ಟ್ರೇ’ ಎಂದರು. ಹೊತ್ತಾಗಿತ್ತು, ನನಗೂ ಮನೆಗೆ ಹೋಗಬೇಕಿತ್ತು. ಸ್ಪಿರಿಟ್ ಸುರಿದು, ಜೆಲ್ ಮೆತ್ತಿ, ಕೂದಲು ಬಗೆದು ಪ್ರೋಬ್ ಇಟ್ಟೆ. ಲಿವರ್ ಕಂಡಿತು, ಗುಲ್ಮ ಕಂಡಿತು, ಎರಡು ಕಿಡ್ನಿ, ಮೂತ್ರಕೋಶ ಕಂಡವು. ಜಠರದ ತುಂಬ ಗ್ಯಾಸು, ಅದರಾಚೆಗೆ ಬರೀ ಬೂದು ಮಬ್ಬು. ಐದು ನಿಮಿಷದಲ್ಲಿ ಮುಗಿಸಿದೆ. ಲಿವರ್ ನಾರ್ಮಲ್, ಗುಲ್ಮ ನಾರ್ಮಲ್ ಎಂದು ನೋಡುತ್ತಾ ಕೆಳಗಿಳಿದೆ. ಪ್ಯಾಂಕ್ರಿಯಾಸ್ ಸಾಲಿನ ಮೇಲೆ ಕಣ್ಣು ಹಾಯಿತು, ಕೈ ನಿಲ್ಲಲಿಲ್ಲ. ಪ್ರಿಂಟ್ ಕೊಟ್ಟೆ.

ಮರುದಿನ ಬೆಳಿಗ್ಗೆ ನಮ್ಮ ಹಿರಿಯ ಸರ್ಜನ್ ಬಂದರು. ಒಂದು ಕಡೆ ಮೂಳೆ ಚೂರು, ಇನ್ನೊಂದು ಕಡೆ ಅಲುಗದೆ ಉಬ್ಬಿ ಕೂತ ಡುವೋಡಿನಮ್, ವಾಂತಿ ನಿಲ್ಲುತ್ತಿಲ್ಲ. ಅಡಚಣೆ ಇರಬೇಕು ಎಂದುಕೊಂಡರು. ರಿಪೋರ್ಟ್ ಕೈಯಲ್ಲಿ ಹಿಡಿದು ನನ್ನನ್ನು ಕೇಳಿದರು, ‘ಪ್ಯಾಂಕ್ರಿಯಾಸ್ ನೋಡಿದೀಯಲ್ಲ?’ ನಾನು ‘ನೋಡಿದೀನಿ ಸರ್’ ಎಂದೆ. ಟೆಂಪ್ಲೇಟಿನದು ಒಂದು ಸುಳ್ಳಾದರೆ ಇದು ನನ್ನದೇ ಬಾಯಿಂದ ಬಂದದ್ದು.

ಹೊಟ್ಟೆ ತೆರೆದಾಗ ನಾನೂ ಕೈ ತೊಳೆದು ಎದುರಿಗೆ ನಿಂತಿದ್ದೆ. ಕರುಳಿನಲ್ಲಿ ಅಡಚಣೆ ಇರಲಿಲ್ಲ. ಮೂಳೆ ಚೂರುಗಳು ತಮ್ಮ ಪಾಡಿಗೆ ಕೆಳಗೆ ಸಾಗುತ್ತಿದ್ದವು. ಸರ್ಜನ್ ಡುವೋಡಿನಮ್ ಎತ್ತಿ ಪಕ್ಕಕ್ಕೆ ಸರಿಸಿದರು. ಅದಕ್ಕಂಟಿಕೊಂಡ ಗ್ರಂಥಿ ತಿಳಿಗುಲಾಬಿ ಬಣ್ಣದಲ್ಲಿ ತೆಳ್ಳಗೆ ಇರಬೇಕಾದದ್ದು ಹಲಸಿನ ತೊಳೆಯಷ್ಟು ದಪ್ಪಗೆ, ಕೆಂಪು-ಕಪ್ಪಾಗಿ ಊದಿಕೊಂಡಿತ್ತು. ಸುತ್ತಲಿನ ಕೊಬ್ಬಿನ ಮೇಲೆ ಸುಣ್ಣದ ನೀರು ಚಿಮುಕಿಸಿದಂತೆ ಬಿಳಿ ಚುಕ್ಕಿಗಳು. ಪ್ಯಾಂಕ್ರಿಯಾಸಿನಿಂದ ಸೋರಿದ ಲೈಪೇಸ್ ಕಿಣ್ವ ಕೊಬ್ಬನ್ನು ಅಲ್ಲಲ್ಲೇ ಜೀರ್ಣಿಸುತ್ತದೆ, ಬಿಡುಗಡೆಯಾದ ಕೊಬ್ಬಿನಾಮ್ಲ ರಕ್ತದ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಾಗುತ್ತದೆ ಎಂದು ಎರಡನೇ ವರ್ಷದಲ್ಲಿ ಬಾಯಿಪಾಠ ಮಾಡಿದ್ದೆವು. ಆ ಸಾಬೂನನ್ನು ಕಣ್ಣಾರೆ ಕಂಡದ್ದು ಅವತ್ತು. ಸರ್ಜನ್ ನನ್ನ ಕಡೆ ಒಂದು ಸಲ ನೋಡಿದರು. ಏನೂ ಅನ್ನಲಿಲ್ಲ. ಹೊಲಿಗೆ ಹಾಕಿ ಮುಗಿಸಿದರು.

ಉರಿಯೂತ ಅಷ್ಟು ಜೋರಾಗಿರುವಾಗ ಅರಿವಳಿಕೆ ಕೊಟ್ಟು, ಹೊಟ್ಟೆ ಸೀಳಿ, ಮತ್ತೆ ಹೊಲಿದ ನಾಯಿ ಅದು. ಎರಡನೇ ರಾತ್ರಿ ಹೋಯಿತು. ಆಪರೇಷನ್ ಆಗದಿದ್ದರೂ ಹೋಗುತ್ತಿತ್ತೋ ಏನೋ. ಆದರೆ ಆ ಆಪರೇಷನ್ ಆದದ್ದು ನನ್ನ ಒಂದು ಸಾಲನ್ನು ನಂಬಿ.

ಈಗ ಕೆಲಸದ ಮಾತಿಗೆ ಬರುತ್ತೇನೆ.

ನಾಯಿಯ ಮೇದೋಜೀರಕ ಗ್ರಂಥಿ ಕವೆಗೋಲಿನಂತೆ ಎರಡು ಕವಲಿನದು. ಬಲಗವಲು ಡುವೋಡಿನಮ್ಮಿನ ಒಳಮಗ್ಗುಲಲ್ಲಿ ಅದಕ್ಕೆ ಅಂಟಿಕೊಂಡೇ ಹಿಂದಕ್ಕೆ ಇಳಿಯುತ್ತದೆ. ಎಡಗವಲು ಜಠರದ ಹಿಂದೆ, ಗುಲ್ಮದ ರಕ್ತನಾಳದ ಪಕ್ಕ ಅಡಗಿ ಕೂರುತ್ತದೆ. ಎರಡೂ ಕೂಡುವ ಮಧ್ಯಭಾಗ ಜಠರ ಮುಗಿದು ಕರುಳು ಶುರುವಾಗುವ ಮೂಲೆಯಲ್ಲಿದೆ. ಲಿವರ್ರಿಗೆ ದಪ್ಪ ಅಂಚಿದೆ, ಕಿಡ್ನಿಗೆ ಆಕಾರವಿದೆ, ಮೂತ್ರಕೋಶ ಕಪ್ಪು ಬಲೂನಿನಂತೆ ಕರೆಯುತ್ತದೆ. ಇದಕ್ಕೆ ಅಂಥ ಗುರುತು ಯಾವುದೂ ಇಲ್ಲ. ದಪ್ಪನೆಯ ಕವಚವಿಲ್ಲ, ಬಣ್ಣವೂ ಸುತ್ತಲಿನ ಕೊಬ್ಬಿನ ಬಣ್ಣವೇ, ಸ್ವಲ್ಪ ಗಾಢ ಅಥವಾ ಸ್ವಲ್ಪ ತಿಳಿ ಇದ್ದರೆ ಉಂಟು. ಆರೋಗ್ಯವಂತ ನಾಯಿಯಲ್ಲಿ ಬಲಗವಲಿನ ದಪ್ಪ ಸುಮಾರು 8 ಮಿಲಿಮೀಟರ್, ಎಡಗವಲು ಇನ್ನೂ ತೆಳುವು. ಬೂದು ಕಂಬಳಿಯ ಮೇಲೆ ಬೂದು ದಾರ ಹುಡುಕಿದಂತೆ.

ಅದಕ್ಕೇ ಗ್ರಂಥಿಯನ್ನು ನೇರವಾಗಿ ಹುಡುಕಬೇಡಿ. ಅದರ ನೆರೆಹೊರೆಯನ್ನು ಹುಡುಕಿ. ನಾನು ಮಾಡುವುದು ಹೀಗೆ: ನಾಯಿಯನ್ನು ಎಡಮಗ್ಗುಲಿಗೆ ಮಲಗಿಸಿ ಮೊದಲು ಬಲ ಕಿಡ್ನಿ ಹಿಡಿಯುತ್ತೇನೆ. ಅಲ್ಲಿಂದ ಪ್ರೋಬನ್ನು ಒಂದಿಷ್ಟು ಹೊರಮಗ್ಗುಲಿಗೆ ವಾಲಿಸಿದರೆ ಚರ್ಮಕ್ಕೆ ಹತ್ತಿರದಲ್ಲೇ ನೆಟ್ಟಗೆ ಹೋಗುವ ಕರುಳೊಂದು ಸಿಗುತ್ತದೆ. ಉಳಿದ ಸಣ್ಣಕರುಳಿನಂತೆ ಸುತ್ತಿಕೊಳ್ಳದು, ಗೋಡೆ ತುಸು ದಪ್ಪ. ಅದು ಡುವೋಡಿನಮ್. ಅದನ್ನು ಅಡ್ಡಕ್ಕೆ ಕತ್ತರಿಸಿದಂತೆ ನೋಡಿದಾಗ ಒಂದು ಸಣ್ಣ ಚಕ್ರ. ಆ ಚಕ್ರದ ಒಳಬದಿಗೆ ತ್ರಿಕೋನದಂಥ ತುಂಡು, ಅದರ ನಡುವೆ ಕಪ್ಪು ಚುಕ್ಕಿಯಾಗಿ ಒಂದು ರಕ್ತನಾಳ. ಡಾಪ್ಲರ್ ಒತ್ತಿದರೆ ಬಣ್ಣ ತುಂಬಿಕೊಳ್ಳುತ್ತದೆ. ಆ ನಾಳ ಸಿಕ್ಕಿತೆಂದರೆ ಬಲಗವಲು ಸಿಕ್ಕಿತು. ಎಡಗವಲಿಗೆ ಗುಲ್ಮದ ನಾಳವನ್ನು ಹಿಡಿದುಕೊಂಡು ನಡುಗೆರೆಯ ಕಡೆ ಬರಬೇಕು, ಜಠರ ಖಾಲಿಯಿದ್ದರೆ ಮಾತ್ರ. ತುಂಬಿದ್ದರೆ ಕೈಮುಗಿದು ಬಿಡಿ. ಬೆಕ್ಕಿನಲ್ಲಿ ಇದೆಲ್ಲ ಉಲ್ಟಾ, ಅಲ್ಲಿ ಎಡಗವಲೇ ಸುಲಭ. ಅದಕ್ಕೆ ಇನ್ನೊಂದು ಪತ್ರ ಬೇಕು.

ಗ್ಯಾಸಿನ ವಿಷಯ. ಅಲ್ಟ್ರಾಸೌಂಡ್ ಅಂದರೆ ಕೂಗಿ ಮಾರ್ದನಿ ಕೇಳಿಸಿಕೊಳ್ಳುವ ಕೆಲಸ. ಮೃದು ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ 1,540 ಮೀಟರ್ ವೇಗದಲ್ಲಿ ಹೋಗುತ್ತದೆ ಎಂಬ ಲೆಕ್ಕದ ಮೇಲೆ ಯಂತ್ರ ಆಳವನ್ನು ಅಳೆಯುತ್ತದೆ. ಎದುರಿಗೆ ಗಾಳಿ ಸಿಕ್ಕರೆ ಶಬ್ದ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಬರುತ್ತದೆ, ಆಚೆಗೇನಿದೆ ಎಂಬುದು ಯಂತ್ರಕ್ಕೂ ಗೊತ್ತಾಗದು. ವಾಂತಿ ಮಾಡುವ ನಾಯಿ ಗಾಳಿ ನುಂಗುತ್ತಿರುತ್ತದೆ. ನೋವಿಗೆ ಏದುಸಿರು ಬಿಡುವ ನಾಯಿ ಇನ್ನೂ ಹೆಚ್ಚು. ಆಗ ಗೇನ್ ಏರಿಸಿ ಪ್ರಯೋಜನವಿಲ್ಲ, ಮಬ್ಬು ಬೆಳ್ಳಗಾಗುತ್ತದೆ ಅಷ್ಟೆ. ಪ್ರೋಬನ್ನು ಅಲ್ಲೇ ಇಟ್ಟು ಮೆಲ್ಲಗೆ ಒತ್ತಿ ಹಿಡಿದರೆ ಕರುಳಿನ ಗಾಳಿ ಪಕ್ಕಕ್ಕೆ ಜಾರುತ್ತದೆ. ನಾಯಿಯನ್ನು ಮಗ್ಗುಲು ಬದಲಿಸಿ ಐದು ನಿಮಿಷ ಬಿಟ್ಟರೆ ಜಠರದ ಗಾಳಿ ಮೇಲಕ್ಕೇರಿ ಕಿಟಕಿ ಬಿಟ್ಟುಕೊಡುತ್ತದೆ. ಮೊದಲು ನೋವಿಗೆ ಇಂಜೆಕ್ಷನ್ ಕೊಡಿ, ಅರ್ಧಗಂಟೆ ಬಿಟ್ಟು ಸ್ಕ್ಯಾನ್ ಮಾಡಿ. ನೋವಿರುವ ನಾಯಿಯ ಹೊಟ್ಟೆ ಹಲಗೆಯಂತೆ ಬಿಗಿದಿರುತ್ತದೆ, ಅದನ್ನು ಒತ್ತಿ ನೋಡುವುದು ಕ್ರೌರ್ಯ. ಚಿತ್ರವೂ ಬರುವುದಿಲ್ಲ.

ಕೂದಲು ಬೋಳಿಸಿ. ಈ ಮಾತನ್ನು ಬೇರೆ ಸಾಲಿನಲ್ಲಿ ಬರೆಯುತ್ತಿದ್ದೇನೆ, ಯಾಕೆಂದು ನಿಮಗೀಗ ಗೊತ್ತು.

ತೀವ್ರ ಉರಿಯೂತವಿದ್ದರೆ ಏನು ಕಾಣುತ್ತದೆ? ಗ್ರಂಥಿ ಊದಿ ಕಪ್ಪಾಗುತ್ತದೆ, ಸುತ್ತಲಿನ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ. ಮಂಜಿನೊಳಗೆ ಒದ್ದೆ ಬಂಡೆ ಕಂಡಂತೆ. ಒಂದೊಂದು ಸಲ ಕಪ್ಪು ಗ್ರಂಥಿಗಿಂತ ಮೊದಲು ಆ ಬಿಳಿ ಕೊಬ್ಬೇ ಕಣ್ಣಿಗೆ ಬೀಳುತ್ತದೆ, ಅದು ಕಂಡ ಕಡೆ ನಿಂತು ಹುಡುಕಬೇಕು. ಪಕ್ಕದಲ್ಲಿ ಒಂದಿಷ್ಟು ದ್ರವ. ಡುವೋಡಿನಮ್ ಗೋಡೆ ದಪ್ಪಗಾಗಿ, ಸೀರೆಯ ನೆರಿಗೆಯಂತೆ ಮಡಿಕೆ ಮಡಿಕೆಯಾಗಿ, ಅಲುಗದೆ ಮಲಗಿರುತ್ತದೆ. ಚಿನ್ನಿಯ ಎಕ್ಸ್‌ರೇಯಲ್ಲಿ ಅಡಚಣೆಯೆಂದು ಕಂಡದ್ದು ಈ ಸತ್ತಂತೆ ಮಲಗಿದ ಕರುಳೇ. ಪಿತ್ತನಾಳ ಈ ಗ್ರಂಥಿಯ ಪಕ್ಕದಲ್ಲೇ ಹಾದು ಡುವೋಡಿನಮ್ಮಿಗೆ ಬಂದು ಸೇರುವುದರಿಂದ ಊತ ಅದನ್ನು ಹಿಸುಕಬಹುದು. ಆಗ ಪಿತ್ತನಾಳ ಹಿಗ್ಗಿರುತ್ತದೆ, ನಾಯಿಯ ಕಣ್ಣು ಹಳದಿಯಾಗುತ್ತದೆ. ಪ್ರೋಬ್ ಆ ಜಾಗಕ್ಕೆ ಬಂದೊಡನೆ ನಾಯಿ ತಿರುಗಿ ನೋಡಿತೇ, ಹೊಟ್ಟೆ ಎಳೆದುಕೊಂಡಿತೇ ಎಂಬುದನ್ನೂ ಗಮನಿಸಿ. ಸ್ಕ್ರೀನಿನಲ್ಲೇ ಕಣ್ಣು ನೆಟ್ಟು ಕೂತವರಿಗೆ ಇದು ತಪ್ಪಿಹೋಗುತ್ತದೆ. ಅದಕ್ಕೇ ತಲೆ ಹಿಡಿದುಕೊಂಡ ಅಟೆಂಡರನ್ನು ಕೇಳುತ್ತೇನೆ, ಅವನಿಗೆ ನನಗಿಂತ ಮೊದಲು ಗೊತ್ತಾಗಿರುತ್ತದೆ.

ಇನ್ನು ಕಂಡದ್ದೆಲ್ಲ ರೋಗವೂ ಅಲ್ಲ. ಗ್ರಂಥಿಯ ಹಾಲೆಗಳ ನಡುವೆ ನೀರು ತುಂಬಿ ಹುಲಿಪಟ್ಟೆಯಂತೆ ಕಪ್ಪು ಗೆರೆಗಳು ಬಂದಿದ್ದರೆ ಉರಿಯೂತ ಎಂದು ಬರೆಯಲು ಕೈ ತುರಿಸುತ್ತದೆ. ರಕ್ತದಲ್ಲಿ ಆಲ್ಬುಮಿನ್ ಕುಸಿದ ನಾಯಿಯಲ್ಲೂ, ಪೋರ್ಟಲ್ ನಾಳದ ಒತ್ತಡ ಏರಿದ ನಾಯಿಯಲ್ಲೂ ಅದೇ ಪಟ್ಟೆ ಬರುತ್ತದೆ. ಮುದಿ ನಾಯಿಯ ಗ್ರಂಥಿಯಲ್ಲಿ ಯಾವ ತೊಂದರೆಯನ್ನೂ ಕೊಡದ ಗಂಟುಗಳಿರುತ್ತವೆ. ಅವನ್ನು ಕಂಡು ಕ್ಯಾನ್ಸರ್ ಎಂದು ಮನೆಯವರನ್ನು ಅಳಿಸಬೇಡಿ. ದೀರ್ಘಕಾಲದ ಉರಿಯೂತ ಇನ್ನೂ ಕಳ್ಳ. 2007ರಲ್ಲಿ ಬ್ರಿಟನ್ನಿನಿಂದ ಪ್ರಕಟವಾದ ಒಂದು ಶವಪರೀಕ್ಷೆಯ ಅಧ್ಯಯನದಲ್ಲಿ ಸಾಮಾನ್ಯ ಕ್ಲಿನಿಕ್ಕುಗಳಿಂದ ಬಂದ ನಾಯಿಗಳಲ್ಲಿ ಸುಮಾರು ಮೂರರಲ್ಲೊಂದಕ್ಕೆ ಹಳೆಯ ಉರಿಯೂತದ ಗುರುತುಗಳಿದ್ದವು. ನಾವು ‘ಗ್ಯಾಸ್ಟ್ರೈಟಿಸ್’ ಎಂದು ಬರೆದು ಕಳಿಸಿದ ಎಷ್ಟು ನಾಯಿಗಳಿಗೆ ಒಳಗೆ ಇದೇ ಇತ್ತೋ ಎಂದು ನನಗೆ ಆಗಾಗ ಅನ್ನಿಸುತ್ತದೆ.

ನೀವು ಸಂಖ್ಯೆ ಕೇಳುವವರು, ಪರೀಕ್ಷೆ ಬರೆದ ಬಿಸಿ ಇನ್ನೂ ಆರಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೀವ್ರ ಪ್ಯಾಂಕ್ರಿಯಾಟೈಟಿಸ್‌ನಿಂದ ಸತ್ತದ್ದು ಖಚಿತವಾಗಿದ್ದ 70 ನಾಯಿಗಳ ದಾಖಲೆ ತೆಗೆದು, ಬದುಕಿದ್ದಾಗ ಯಾವ ಪರೀಕ್ಷೆ ರೋಗವನ್ನು ಹಿಡಿದಿತ್ತು ಎಂದು ನೋಡಿದರು. ಎಕ್ಸ್‌ರೇ ಹಿಡಿದದ್ದು ಶೇ. 24, ಅಲ್ಟ್ರಾಸೌಂಡ್ ಶೇ. 68. ಎಕ್ಸ್‌ರೇಗಿಂತ ಎಷ್ಟೋ ಮೇಲು ಎಂದು ಪಠ್ಯಪುಸ್ತಕಗಳು ಈ ಅಂಕಿಯನ್ನು ಹೊಗಳುತ್ತವೆ. ನಾನು ಇದನ್ನು ಓದುವುದು ಬೇರೆ ರೀತಿ. ಸಾಯುವಷ್ಟು ಜೋರಾದ ರೋಗ, ವಿಶ್ವವಿದ್ಯಾಲಯದ ಆಸ್ಪತ್ರೆ, ಪಳಗಿದ ಕೈ. ಆದರೂ ಮೂರರಲ್ಲಿ ಒಂದು ತಪ್ಪಿಹೋಯಿತು. ಯಂತ್ರಗಳು ಅಲ್ಲಿಂದೀಚೆಗೆ ಬಹಳ ಸುಧಾರಿಸಿವೆ, ಒಪ್ಪಿದೆ. ಆದರೆ ರಾತ್ರಿ ಒಂಬತ್ತೂವರೆಗೆ ಕೂದಲು ಬೋಳಿಸದ ಕಾಕರ್‌ನ ಮೇಲೆ ಐದು ನಿಮಿಷ ಪ್ರೋಬ್ ಆಡಿಸಿದವನ ಅಂಕಿ ಎಷ್ಟಿರಬಹುದು, ನೀವೇ ಊಹಿಸಿ.

ಗಂಟೆಯ ಲೆಕ್ಕವೂ ಇದೆ. ವಾಂತಿ ಶುರುವಾದ ದಿನ ಗ್ರಂಥಿ ಸರಿಯಾಗಿಯೇ ಕಾಣಬಹುದು. ಎರಡು ದಿನ ಬಿಟ್ಟು ನೋಡಿದರೆ ಕಪ್ಪಗೆ ಊದಿರುತ್ತದೆ. ಹಾಗಾಗಿ ‘ನಿನ್ನೆ ಸ್ಕ್ಯಾನ್ ಆಗಿದೆ, ನಾರ್ಮಲ್ಲು’ ಎಂಬ ಮಾತಿಗೆ ನಾಯಿ ಇನ್ನೂ ವಾಂತಿ ಮಾಡುತ್ತಿರುವಾಗ ಬೆಲೆಯಿಲ್ಲ. ಮತ್ತೆ ನೋಡಿ, ಎರಡನೇ ಸಲಕ್ಕೆ ದುಡ್ಡು ಬೇಡ ಎನ್ನಿ. ಕ್ಲಿನಿಕ್ಕಿನ ಯಜಮಾನರು ಗುರುಗುಟ್ಟಿದರೆ ಗುರುಗುಟ್ಟಲಿ.

ರಕ್ತಪರೀಕ್ಷೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹಳೆಯ ಅಮೈಲೇಸ್-ಲೈಪೇಸ್ ಅಂಕಿಗಳನ್ನು ನೆಚ್ಚಬೇಡಿ, ಕಿಡ್ನಿ ಕೆಟ್ಟರೂ ಏರುತ್ತವೆ. ನಾಯಿಯ ಪ್ಯಾಂಕ್ರಿಯಾಸಿನದೇ ಲೈಪೇಸನ್ನು ಅಳೆಯುವ ಸಿಪಿಎಲ್ ಪರೀಕ್ಷೆ ಬೇರೆ. ಸ್ಪೆಕ್ ಸಿಪಿಎಲ್ ಅಂಕಿ ಲೀಟರಿಗೆ 200 ಮೈಕ್ರೋಗ್ರಾಂವರೆಗೆ ಸಹಜ, 400 ಅಥವಾ ಮೇಲಿದ್ದರೆ ಪ್ಯಾಂಕ್ರಿಯಾಟೈಟಿಸ್‌ಗೆ ಹೊಂದುತ್ತದೆ. ನಡುವಿನದ್ದು ಸಂಜೆಗತ್ತಲು, ಕೆಲವು ದಿನ ಬಿಟ್ಟು ಮತ್ತೆ ನೋಡಬೇಕು. ಕ್ಲಿನಿಕ್ಕಿನಲ್ಲೇ ಹತ್ತು-ಹದಿನೈದು ನಿಮಿಷದಲ್ಲಿ ಉತ್ತರ ಹೇಳುವ ಸ್ನ್ಯಾಪ್ ಕಿಟ್ ಇದೆ. ಅದು ನೆಗೆಟಿವ್ ಬಂದರೆ ಬಹುಮಟ್ಟಿಗೆ ಬೇರೆ ಕಡೆ ಹುಡುಕಬಹುದು. ಪಾಸಿಟಿವ್ ಬಂದರೆ ಅದೊಂದನ್ನೇ ನಂಬಿ ಕೂರುವಂತಿಲ್ಲ, ಬೇರೆ ಹೊಟ್ಟೆರೋಗಗಳಲ್ಲೂ ಪಾಸಿಟಿವ್ ಬರುತ್ತದೆ. ನಾಯಿಯ ನಡವಳಿಕೆ, ರಕ್ತದ ಅಂಕಿ, ಸ್ಕ್ಯಾನಿನ ಚಿತ್ರ, ಈ ಮೂರೂ ಒಂದೇ ಕಥೆ ಹೇಳಿದಾಗ ನಾನು ‘ಪ್ಯಾಂಕ್ರಿಯಾಟೈಟಿಸ್’ ಎಂದು ಬರೆಯುತ್ತೇನೆ. ಎರಡು ಒಂದಾಗಿ ಮೂರನೆಯದು ತಕರಾರು ತೆಗೆದರೆ ‘ಇರಬಹುದು’ ಎಂದು ಬರೆದು ಅದಕ್ಕೇ ಚಿಕಿತ್ಸೆ ಶುರುಮಾಡುತ್ತೇನೆ.

ಈ ಗ್ರಂಥಿಯ ಬೇರೆ ರೋಗಗಳಲ್ಲಿ ಅಲ್ಟ್ರಾಸೌಂಡಿನ ಮಾತು ಇನ್ನೂ ಕಡಿಮೆ ನಡೆಯುತ್ತದೆ. ಇನ್ಸುಲಿನೋಮಾ ಗಡ್ಡೆ ಎಷ್ಟೋ ಸಲ ಕಡಲೆಕಾಳಿನಷ್ಟೇ ಇರುತ್ತದೆ. ನಾಯಿ ಸಕ್ಕರೆ ಕುಸಿದು ಫಿಟ್ಸ್ ಬಂದು ಬೀಳುತ್ತಿದ್ದರೂ ಸ್ಕ್ರೀನಿನಲ್ಲಿ ಏನೂ ಇರುವುದಿಲ್ಲ, ಸಿ.ಟಿ. ಬೇಕಾಗುತ್ತದೆ. ಎಷ್ಟು ತಿಂದರೂ ಸೊರಗುವ, ರಾಶಿ ರಾಶಿ ಎಣ್ಣೆಮಲ ಹಾಕುವ ಎಳೆಯ ಜರ್ಮನ್ ಶೆಫರ್ಡ್ ಬಂದರೆ ಪ್ರೋಬ್ ಕೆಳಗಿಟ್ಟು ಟಿಎಲ್ಐ ಪರೀಕ್ಷೆಗೆ ರಕ್ತ ಕಳಿಸಿ. ಜೀರ್ಣರಸ ಒಸರುತ್ತಿದೆಯೇ ಇಲ್ಲವೇ ಎಂಬುದನ್ನು ಚಿತ್ರ ಹೇಳಲಾರದು.

ನಮ್ಮ ಕಾಲದವರ ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ನಾವು ಪ್ರೋಬ್ ಹಿಡಿಯಲು ಕಲಿತದ್ದು ಹಸುವಿನ ಹಿಂದೆ ನಿಂತು. ಭುಜದವರೆಗೆ ಕೈಗವಸು ಹಾಕಿ, ಗುದದ್ವಾರದೊಳಗೆ ಪ್ರೋಬ್ ಒಯ್ದು, ಗಬ್ಬ ನಿಂತಿದೆಯೋ ಇಲ್ಲವೋ ಎಂದು ನೋಡಿ ಹೇಳುವುದು. ಅಲ್ಲಿ ಉತ್ತರ ಎರಡೇ, ಹೌದು ಅಥವಾ ಇಲ್ಲ. ರೈತ ಹಗ್ಗ ಹಿಡಿದು ಕಾಯುತ್ತಿರುತ್ತಾನೆ, ‘ನೋಡೋಕಾಗ್ಲಿಲ್ಲ’ ಎಂದರೆ ಡಾಕ್ಟ್ರಿಗೆ ಬರೋದಿಲ್ಲ ಅಂತ ಊರೆಲ್ಲ ಹೇಳುತ್ತಾನೆ. ಆ ಹೆದರಿಕೆಯನ್ನು ಹೊತ್ತುಕೊಂಡೇ ನಾವು ನಾಯಿಯ ಹೊಟ್ಟೆಗೆ ಬಂದೆವು. ಕೆಲವು ಊರುಗಳಲ್ಲಿ ಪ್ರೋಬ್ ಕೂಡ ಅದೇ, ಹಸುವಿನದ್ದನ್ನೇ ತೊಳೆದು ನಾಯಿಯ ಹೊಟ್ಟೆಗೆ ಇಡುತ್ತಾರೆ. ನಗಬೇಡಿ, ಸಣ್ಣ ನಾಯಿಗೆ ಆ ಲೀನಿಯರ್ ಪ್ರೋಬಿನಿಂದಲೇ ಚೆನ್ನಾಗಿ ಕಾಣುತ್ತದೆ. ಚರ್ಮದಿಂದ ಮೂರು-ನಾಲ್ಕು ಸೆಂಟಿಮೀಟರ್ ಒಳಗೆ ಇರುವುದನ್ನು ನೋಡಲು ಹೆಚ್ಚು ಆವರ್ತನದ ಪ್ರೋಬೇ ಬೇಕು. ಆಳ ಹೆಚ್ಚಿದಷ್ಟೂ ಆವರ್ತನ ಇಳಿಸಬೇಕು, ಚಿತ್ರದ ನಯ ಕಳೆದುಕೊಳ್ಳಬೇಕು. ಅದಕ್ಕೇ ಮುಧೋಳ ನಾಯಿಯ ಹೊಟ್ಟೆ ಸ್ಕ್ಯಾನ್ ಮಾಡುವುದು ಒಂದು ಸುಖ, ಕೊಬ್ಬಿಲ್ಲದ ಬಿಗಿ ಹೊಟ್ಟೆ, ಎಲ್ಲವೂ ಮೇಲೇ ಸಿಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಿಸ್ಕತ್ತು ತಿಂದು ನಲವತ್ತೈದು ಕೆ.ಜಿ. ತೂಗುವ ಲ್ಯಾಬ್ರಡಾರ್ ಬಂದರೆ ಕೈ ಸೋಲುತ್ತದೆ.

ನೀವೇ ಯಂತ್ರ ಕೊಳ್ಳುವ ಆಲೋಚನೆಯಿದ್ದರೆ ಒಂದು ಮಾತು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆ ನೋಂದಣಿಯಿಲ್ಲದ ಕೇಂದ್ರಕ್ಕೆ ಸ್ಕ್ಯಾನಿಂಗ್ ಯಂತ್ರ ಮಾರುವುದನ್ನು ನಿಷೇಧಿಸುತ್ತದೆ. ‘ನಾಯಿಗೆ ತಾನೆ ಸಾರ್’ ಎನ್ನುವ ಮಾರಾಟಗಾರನ ಮಾತು ಕೇಳಿ ಮೋಸಹೋಗಬೇಡಿ, ಜಿಲ್ಲಾ ಆರೋಗ್ಯ ಇಲಾಖೆಯಲ್ಲಿ ವಿಚಾರಿಸಿ ಕಾಗದಪತ್ರ ಸರಿಮಾಡಿಕೊಂಡೇ ಕೊಳ್ಳಿ.

ಚಿನ್ನಿಯ ಕಥೆಯಲ್ಲಿ ಇನ್ನೊಂದು ತುಂಡು ಬಾಕಿಯಿದೆ. ಅವತ್ತು ರಾತ್ರಿ ನಾನು ಹಿಸ್ಟರಿ ಕೇಳಿದ್ದು ಮಗನನ್ನು, ಫೋನ್ ಕೈಯಲ್ಲಿದ್ದವನನ್ನು. ‘ಹೊರಗಿಂದು ಏನೂ ಕೊಡಲ್ಲ ಡಾಕ್ಟ್ರೇ, ಬರೀ ಪೆಡಿಗ್ರೀ’ ಎಂದ. ಅವನ ಹಿಂದೆ ಬೆಂಚಿನ ಮೇಲೆ ಅಜ್ಜಿಯೊಬ್ಬರು ಟವಲಿನ ತುದಿ ಹಿಡಿದು ಕೂತಿದ್ದರು. ಅವರನ್ನು ನಾನು ಕೇಳಲಿಲ್ಲ. ನಾಯಿ ಹೋದ ಮೇಲೆ ಅವರೇ ಹೇಳಿದರು. ಹೊಸತೊಡಕಿನ ದಿನ ಮಟನ್ ತೊಳೆಯುವಾಗ ತೆಗೆದ ಕೊಬ್ಬನ್ನು ಬಾಣಲೆಯಲ್ಲಿ ಹುರಿದು ಹಿತ್ತಲಲ್ಲಿ ಹಾಕಿದ್ದರಂತೆ. ‘ವರ್ಷಕ್ಕೊಂದು ಸಲ ಅಲ್ವಾ, ಅದೂ ಮನೇದೇ ಅಲ್ವಾ’ ಎಂದರು. ನಾನು ಏನು ಹೇಳಲಿ? ಈ ರೋಗದ ಬಹಳಷ್ಟು ಕೇಸುಗಳಲ್ಲಿ ಕಾರಣ ಪತ್ತೆಯಾಗುವುದೇ ಇಲ್ಲ, ನಿಮ್ಮದೇ ತಪ್ಪು ಅಂತೇನಿಲ್ಲ ಎಂದೆ. ಅದು ನಿಜ. ಕೊಬ್ಬಿನೂಟದ ಮರುದಿನ ಇಂಥ ನಾಯಿಗಳು ಬರುತ್ತವೆ ಎಂಬುದೂ ನಿಜ. ಹೊಸತೊಡಕು, ಬಕ್ರೀದ್, ಮದುವೆ ಮನೆಯ ಬಾಡೂಟ, ಕ್ರಿಸ್‌ಮಸ್, ಕ್ಯಾಲೆಂಡರ್ ನೋಡಿ ಸಿಪಿಎಲ್ ಕಿಟ್ ತರಿಸಿಡುತ್ತೇನೆ. ಅಂದಿನಿಂದ ಹಿಸ್ಟರಿಯನ್ನು ಅಡುಗೆ ಮಾಡುವವರ ಹತ್ತಿರ ಕೇಳುತ್ತೇನೆ. ಅವರು ಮನೆಯಲ್ಲಿದ್ದರೆ ಫೋನ್ ಮಾಡಿಸುತ್ತೇನೆ.

ಹೆಸರು ಸರಿಯಾಗಿ ಇಟ್ಟರೆ ಏನು ಬದಲಾಗುತ್ತದೆ ಎಂದು ಕೇಳಬಹುದು, ಚಿಕಿತ್ಸೆ ಹೇಗೂ ಡ್ರಿಪ್ಪೇ ತಾನೆ? ಬಹುಪಾಲು ಹೌದು. ಡ್ರಿಪ್, ನೋವಿಗೆ ಬ್ಯುಪ್ರೆನಾರ್ಫಿನ್‌ನಂಥ ಔಷಧ, ವಾಂತಿಗೆ ಮರೋಪಿಟಂಟ್. ಆದರೆ ಹಳಬರು ಮೂರು ದಿನ ಉಪವಾಸ ಕೆಡಹುತ್ತಿದ್ದರು, ಗ್ರಂಥಿಗೆ ವಿಶ್ರಾಂತಿ ಎಂದು. ಈಗ ವಾಂತಿ ಹತೋಟಿಗೆ ಬಂದೊಡನೆ ಕೊಬ್ಬು ಕಡಿಮೆಯಿರುವ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು, ತಿನ್ನದಿದ್ದರೆ ಮೂಗಿನ ಟ್ಯೂಬಿನಿಂದಲಾದರೂ ಕೊಡಬೇಕು ಎನ್ನುತ್ತಾರೆ. ಉಪವಾಸವಿದ್ದ ಕರುಳಿನ ಗೋಡೆ ಬಲಗುಂದುತ್ತದೆ. ಜಪಾನಿನಲ್ಲಿ ರೂಪುಗೊಂಡ ಫ್ಯೂಜಾಪ್ಲಾಡಿಬ್ ಎಂಬ ಇಂಜೆಕ್ಷನ್‌ಗೆ 2022ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಷರತ್ತಿನ ಅನುಮತಿ ಕೊಟ್ಟಿತು, ನಾಯಿಗಳ ತೀವ್ರ ಪ್ಯಾಂಕ್ರಿಯಾಟೈಟಿಸ್‌ಗೆಂದೇ. ಇವೆಲ್ಲಕ್ಕಿಂತ ದೊಡ್ಡದು ನಿಮ್ಮ ರಿಪೋರ್ಟ್ ಓದುವ ಸರ್ಜನ್ ಬ್ಲೇಡ್ ಕೆಳಗಿಡುತ್ತಾರೋ ಇಲ್ಲವೋ ಎಂಬುದು.

ನನ್ನ ಕಂಪ್ಯೂಟರಿನಲ್ಲಿ ಆ ಸಾಲು ಈಗ ಖಾಲಿ. ಪ್ರತಿ ಸಲ ನಾನೇ ಟೈಪ್ ಮಾಡುತ್ತೇನೆ. ಬಲಗವಲು ಕಂಡಿತು, ಇಷ್ಟು ಮಿಲಿಮೀಟರ್. ಮಧ್ಯಭಾಗ ಅರ್ಧ ಕಂಡಿತು. ಎಡಗವಲು ಗ್ಯಾಸಿನಿಂದ ಕಾಣಲಿಲ್ಲ, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮತ್ತೆ ನೋಡಬೇಕು. ಓನರುಗಳು ಮುಖ ಸಿಂಡರಿಸುತ್ತಾರೆ, ‘ಸಾವಿರಾರು ರೂಪಾಯಿ ಕೊಟ್ಟು ಕಾಣಲಿಲ್ಲ ಅಂತ ಬರೆಸ್ಕೊಬೇಕಾ?’ ಒಬ್ಬರು ರಿಪೋರ್ಟನ್ನು ಮೇಜಿನ ಮೇಲೆ ಬಿಸಾಕಿ ಬೇರೆ ಕಡೆ ಹೋದರು. ಅಲ್ಲಿ ‘ಎಲ್ಲಾ ನಾರ್ಮಲ್’ ಎಂದು ಬರೆಸಿಕೊಂಡು ನೆಮ್ಮದಿಯಾಗಿ ಮನೆಗೆ ಹೋದರಂತೆ. ಅವರ ನಾಯಿ ಚೆನ್ನಾಗಿಯೇ ಇದೆ, ಮೊನ್ನೆ ಪಾರ್ಕಿನಲ್ಲಿ ಕಂಡಿತು.

ಊದಿದ ಗ್ರಂಥಿಯನ್ನು ಗುರುತಿಸಬೇಕಾದರೆ ಊದದೇ ಇರುವುದನ್ನು ನೂರು ಸಲ ನೋಡಿರಬೇಕು. ಅದನ್ನು ನಮಗೆ ಯಾರೂ ತೋರಿಸಲಿಲ್ಲ, ರೋಗದ ನಾಯಿ ಮಾತ್ರ ಟೇಬಲ್ಲಿಗೆ ಬರುತ್ತಿತ್ತು. ಆದ್ದರಿಂದ ಕೇಳಿ: ನನ್ನ ಯಂತ್ರ ಭಾನುವಾರ ಬೆಳಿಗ್ಗೆ 7ರಿಂದ 9ರವರೆಗೆ ಖಾಲಿ ಇರುತ್ತದೆ. ನಿಮ್ಮ ಮನೆಯ ಆರೋಗ್ಯವಂತ ನಾಯಿಯನ್ನು ಕರೆತನ್ನಿ, ಅದರ ಹೊಟ್ಟೆಯ ಕೂದಲು ಬೋಳಿಸಲು ಅಮ್ಮನ ಒಪ್ಪಿಗೆ ಪಡೆದು ಬನ್ನಿ. ಶನಿವಾರ ರಾತ್ರಿಯ ನಂತರ ನಾಯಿಗೆ ನೀರು ಬಿಟ್ಟು ಬೇರೇನೂ ಕೊಡಬೇಡಿ. ನೀವು ತಿಂಡಿ ತಿಂದೇ ಬನ್ನಿ, ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಹೋಟೆಲು ತೆರೆದಿರುವುದಿಲ್ಲ.

ಇಂತಿ,
ನಿಮಗಿಂತ ಇಪ್ಪತ್ತೆರಡು ವರ್ಷ ಮೊದಲು ಪ್ರೋಬ್ ಹಿಡಿದವನು